ಹೆಬ್ಬಾಳದಲ್ಲಿ ಇಳಿದುಕೊಂಡು ಮೈಸೂರನ್ನು ನೋಡುವವರಿಗೆ



ಮೈಸೂರು ನಗರದ ವಾಯವ್ಯದ ಅಂಚಿನಲ್ಲಿರುವ ಹೆಬ್ಬಾಳವು ಹಿಂದೆ ಕೆರೆಯ ಮಗ್ಗುಲಿನ ಒಂದು ಹಳ್ಳಿ. ಲಕ್ಷ್ಮೀಕಾಂತಸ್ವಾಮಿಯ ಗುಡಿಯೊಂದನ್ನು ಬಿಟ್ಟರೆ ಪರಸ್ಥಳದವರಿಗೆ ಅಲ್ಲಿ ಕೆಲಸವಿರಲಿಲ್ಲ. ಈಗಲಾದರೋ ಅಲ್ಲಿ ಕೈಗಾರಿಕಾ ಪ್ರದೇಶವಿದೆ, ಕಾರ್ಖಾನೆಗಳಿವೆ, ಇನ್ಫೋಸಿಸ್ ಸಂಸ್ಥೆಯ ವಿಶಾಲವಾದ ಶಿಕ್ಷಣಕೇಂದ್ರವಿದೆ. ಬೀದರು, ರಾಯಚೂರು, ಕಾರವಾರ, ಕಾಸರಗೋಡು ಮೊದಲಾದ ಕಡೆಗಳಿಂದ ಬಂದ ತರುಣ ತರುಣಿಯರು ಆ ಸುತ್ತಿನಲ್ಲಿ ಬಾಡಿಗೆಯ ಮನೆಗಳಲ್ಲಿಯೂ ವಸತಿಗೃಹಗಳಲ್ಲಿಯೂ ನೆಲಸಿದ್ದಾರೆ. ಅವರನ್ನು ನೋಡಿಹೋಗಲು ತಂದೆತಾಯಿಗಳು ಬರುತ್ತಾರೆ. ಒಂದು ಇರುಳೆಲ್ಲ ಪ್ರಯಾಣಮಾಡಿ ಶನಿವಾರ ಬೆಳಿಗ್ಗೆ ಇಳಿದು, ಭಾನುವಾರ ರಾತ್ರಿ ಮತ್ತೆ ಹೊರಡತಕ್ಕವರು ಇವರು. ಈ ದಿನದ ಭಾಷಣವು ಅವರನ್ನೂ, ಅವರಿಗಿಂತ ಹೆಚ್ಚಾಗಿ ಅವರ ಮಕ್ಕಳನ್ನೂ ಉದ್ದೇಶಿಸಿದುದು.

ಮಕ್ಕಳ ಉತ್ಸಾಹವು ಸಾಮಾನ್ಯವಾಗಿ ಹೇಗಿರುತ್ತದೆಂಬುದನ್ನು ಬಲ್ಲೆವು. ಒಂದು ಕಾರನ್ನು ದಿನದ ಬಾಡಿಗೆಗೆ ಗೊತ್ತುಮಾಡಿ, ಅರಮನೆ, ಮೃಗಾಲಯ, ಬೆಟ್ಟ, ಶ್ರೀರಂಗಪಟ್ಟಣ, ಬೃಂದಾವನ ಎಂದು ಎಲ್ಲವನ್ನೂ ಒಂದೇ ಹಗಲಿನಲ್ಲಿ ಮುಗಿಸಿಬಿಡುತ್ತಾರೆ. ಸಂಜೆಯ ವೇಳೆಗೆ ತಾಯಿಯ ಮೊಣಕಾಲು ಊದಿರುತ್ತದೆ. ತಂದೆಯವರಿಗೆ ಅರಮನೆ ಯಾವುದು, ಜಗನ್ಮೋಹನ ಯಾವುದು ಎಂಬುದು ಕಲಸಿಹೋಗಿರುತ್ತದೆ. ಆರು ತಿಂಗಳಿಗೊಮ್ಮೆ ಕಂಡ ಮಗನೊಡನೆ ನಾಲ್ಕು ಮಾತನಾಡಲು ಅವಕಾಶವೇ ಸಿಕ್ಕಿರುವುದಿಲ್ಲ. ಆದಕಾರಣ ಮೊದಲು ಹೇಳತಕ್ಕ ಮಾತು ಇದು: ಎರಡು ದಿನಗಳಲ್ಲಿ ನಾಲ್ಕು ಸ್ಥಳಗಳು ಸಾಕು. ಶ್ರೀರಂಗಪಟ್ಟಣಕ್ಕೆ ಬೇರೆ ಒಂದು ದಿನವೇ ಬೇಕು. ಅದನ್ನು ಮುಂದಿನ ಸಲಕ್ಕೆ ಬಿಡುವುದು ಯುಕ್ತ.

ಮೈಸೂರಿನಲ್ಲಿ ಸ್ಥಳಕ್ಕಿಂತ ವೇಳೆ ಮುಖ್ಯ. ಅದೆಂತೆಂದರೆ, ಇಲ್ಲಿನ ಒಂದೊಂದು ನೋಟಕ್ಕೂ ಅದರದೇ ಆದ ವಾರವೂ ಗಳಿಗೆಯೂ ಉಂಟು. 1892ರಲ್ಲಿ ಸ್ಥಾಪಿತವಾದ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಮಂಗಳವಾರ ರಜೆ; ಮಗ್ಗುಲಿನ ಕಾರಂಜಿ ಕೆರೆಗೂ ಹಾಗೆಯೇ. ಅರಮನೆಯ ಪೂರ್ಣ ದೀಪಾಲಂಕಾರವು ಭಾನುವಾರಗಳಲ್ಲಿಯೂ ಸಾರ್ವಜನಿಕ ರಜಾದಿನಗಳಲ್ಲಿಯೂ ಸಂಜೆ ಏಳು ಗಂಟೆಯ ಸುಮಾರಿಗೆ ಮುಕ್ಕಾಲು ಗಂಟೆಯಷ್ಟು ಕಾಲ ಮಾತ್ರ. ಉಳಿದ ದಿನಗಳಲ್ಲಿ ಧ್ವನಿ-ಬೆಳಕಿನ ಪ್ರದರ್ಶನದ ಕೊನೆಗೆ ಕೆಲವು ನಿಮಿಷ. ಬೆಟ್ಟದ ಮೇಲೆ ದೇವಿಯ ಗುಡಿಯ ಬಾಗಿಲನ್ನು ಮಧ್ಯಾಹ್ನ ಎರಡರ ಸುಮಾರಿಗೆ ಮುಚ್ಚಿ, ಸ್ವಲ್ಪ ಹೊತ್ತಿನ ಮೇಲೆ ತೆರೆಯುತ್ತಾರೆ. ಇದನ್ನು ತಿಳಿಯದೆ ಹೊರಟವರು ಬಾಗಿಲ ಮುಂದೆ ಕುಳಿತು ಬಂದುದುಂಟು.

ಶನಿವಾರ ಬೆಳಿಗ್ಗೆ ರೈಲಿನಿಂದ ಇಳಿದವರನ್ನು ನೇರವಾಗಿ ಊರು ಸುತ್ತಿಸತಕ್ಕುದಲ್ಲ. ಹೆಬ್ಬಾಳಕ್ಕೆ ಕರೆತಂದು ಸ್ನಾನ, ಊಟ, ಒಂದು ನಿದ್ರೆ ಆಗಲಿ. ಅರಮನೆಯ ಕಡೆಗೆ ಅಲ್ಲಿಂದ 7–8 ಕಿಲೋಮೀಟರಿನ ದೂರ. ನಗರದ ಬಸ್ ನಿಲ್ದಾಣಕ್ಕೆ ಸಾರಿಗೆ ಸಂಸ್ಥೆಯ ಬಸ್ಸುಗಳಿವೆ. 2023ರ ಜೂನ್ ತಿಂಗಳಿಂದ ಕರ್ನಾಟಕದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ದರವಿಲ್ಲದ ಪ್ರಯಾಣವುಂಟಷ್ಟೆ. ತಾಯಿಯವರು ಗುರುತಿನ ಚೀಟಿಯನ್ನು ಕೈಚೀಲದಲ್ಲಿ ಇಟ್ಟುಕೊಂಡಿರಲಿ. ಕಾಸರಗೋಡಿನಿಂದ ಬಂದ ತಾಯಿಗೆ ಈ ಸೌಲಭ್ಯ ದೊರೆಯದು. ಕನ್ನಡತಿಯಾದರೂ ಚೀಟಿ ಕೇರಳದ್ದು!

ಮೊದಲನೆಯ ಸಂಜೆಗೆ ಕೃಷ್ಣರಾಜಸಾಗರವೇ ತಕ್ಕುದು. ಹೆಬ್ಬಾಳದಲ್ಲಿ ಇಳಿದುಕೊಂಡವರಿಗೆ ಇರುವ ವಿಶೇಷ ಅನುಕೂಲವೇ ಇದು. ನಗರದ ನಡುವಿನಿಂದ ಹೊರಡುವವರು ಜನಸಂದಣಿಯನ್ನು ದಾಟಿ ಬರಬೇಕು. ಇವರಿಗಾದರೋ ಕೃಷ್ಣರಾಜಸಾಗರದ ರಸ್ತೆಯು ಹತ್ತಿರದಲ್ಲಿಯೇ ಸಿಗುತ್ತದೆ. 1911ರಲ್ಲಿ ಕೆಲಸ ಮೊದಲಾದ ಈ ಅಣೆಕಟ್ಟೆಯ ಕೆಳಗೆ, ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ನಿರ್ಮಾಣವಾದ ಬೃಂದಾವನವನ್ನು ಹೊತ್ತು ಮುಳುಗುವ ಮುನ್ನ ಪ್ರವೇಶಿಸಿ, ಬೆಳಕಿನಲ್ಲಿ ಒಮ್ಮೆಯೂ ದೀಪದಲ್ಲಿ ಒಮ್ಮೆಯೂ ನೋಡತಕ್ಕುದು. ಒಂದು ಎಚ್ಚರಿಕೆ: ಸಂಗೀತಕ್ಕೆ ಕುಣಿಯುವ ಕಾರಂಜಿಯು ತೋಟದ ಆಚೆಯ ತುದಿಯಲ್ಲಿದೆ, ನಡಿಗೆ ಬಹಳ. ಮೊಣಕಾಲಿನ ತೊಂದರೆಯುಳ್ಳವರು ಈಚೆಯ ಮೆಟ್ಟಿಲುಗಳ ಬಳಿಯ ಚಿಲುಮೆಗಳನ್ನು ನೋಡುತ್ತ ಕುಳಿತರೆ ನಷ್ಟವೇನೂ ಇಲ್ಲ. ಮಗಳೋ ಮಗನೋ ಜೊತೆಯಲ್ಲಿ ಕುಳಿತರೆ ಇನ್ನೂ ಮೇಲು. ಪ್ರದರ್ಶನ ಮುಗಿದೊಡನೆ ಎಲ್ಲರೂ ಒಟ್ಟಿಗೆ ಹೊರಬಿದ್ದು ವಾಹನಗಳಿಗೆ ನೂಕುನುಗ್ಗಲಾಗುವುದರಿಂದ, ಕಾಲು ಗಂಟೆ ಮೊದಲೇ ಏಳುವುದು ಲೇಸು.

ಇನ್ನು ಆಹಾರದ ವಿಚಾರ. ಇದನ್ನು ಸ್ವಲ್ಪ ವಿಸ್ತರಿಸಿ ಹೇಳಿದರೆ ತಪ್ಪಾಗದು. ಭಾನುವಾರ ಬೆಳಿಗ್ಗೆ ಬೇಗ ಎದ್ದು ನಜರಬಾದಿನ ಮೈಲಾರಿ ದೋಸೆಯ ಅಂಗಡಿಗೆ ಹೋಗತಕ್ಕುದು. ಹೊತ್ತೇರಿದ ಮೇಲೆ ಹೋದರೆ ಬೀದಿಯಲ್ಲಿ ನಿಂತು ಕಾಯಬೇಕಾಗುತ್ತದೆ. ಆ ರಸ್ತೆಯಲ್ಲಿ ಆ ಹೆಸರಿನ ಹಲಗೆ ಒಂದಕ್ಕಿಂತ ಹೆಚ್ಚು ಇದೆ. ಮೂಲ ಯಾವುದೆಂಬ ವ್ಯಾಜ್ಯವನ್ನು ತೀರ್ಮಾನಿಸಲು ನಾವು ಹೋಗುವುದಿಲ್ಲ. ಬೇರೆ ಊರುಗಳಲ್ಲಿ ಮೈಸೂರು ಮಸಾಲೆ ಎಂದು ಕೊಡುವ, ಕೆಂಪು ಚಟ್ನಿ ಬಳಿದ ಗರಿಗರಿಯ ದೋಸೆಯನ್ನು ಇಲ್ಲಿ ನಿರೀಕ್ಷಿಸಬಾರದು. ಇದು ಮೆದುವಾದುದು, ಮೇಲೆ ಬೆಣ್ಣೆ, ಒಳಗೆ ಸಾಗು, ಪಕ್ಕದಲ್ಲಿ ಕಾಯಿಚಟ್ನಿ. ಹಲ್ಲಿಲ್ಲದ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಉಪಾಹಾರ ಈ ಊರಿನಲ್ಲಿಲ್ಲ. ಮಧ್ಯಾಹ್ನಕ್ಕೆ ಗಾಂಧಿ ಚೌಕದ ಸುತ್ತ ಬಾಳೆಯೆಲೆಯ ಊಟ ಬಡಿಸುವ ಹೋಟೆಲುಗಳಿವೆ. ಆಂಧ್ರದ ಖಾರವನ್ನು ತಡೆಯಲಾರದವರು ಚಟ್ನಿಪುಡಿಯ ವಿಷಯದಲ್ಲಿ ಕೈಬಿಗಿ ಹಿಡಿಯಲಿ. ಮಾಂಸಾಹಾರಿಗಳಿಗೆ ಮಂಡಿ ಮೊಹಲ್ಲದ ಹನುಮಂತು ಹೋಟೆಲಿನ ಪಲಾವು ಪ್ರಸಿದ್ಧ. ಎರಡು ದಿನವೂ ಅನ್ನವನ್ನೇ ಉಂಡು ಬೇಸರಗೊಳ್ಳುವ ಉತ್ತರದ ಸೀಮೆಯವರಿಗೆ ಜೋಳದ ರೊಟ್ಟಿಯ ಖಾನಾವಳಿಗಳು ಈಗ ಮೈಸೂರಿನಲ್ಲಿಯೂ ಇವೆ. ಅತಿಥಿಗೆ ಊರಿನ ತಿಂಡಿಯನ್ನು ತಿನ್ನಿಸುವ ಹಟದಲ್ಲಿ ಅವನ ಹೊಟ್ಟೆಯನ್ನು ಕೆಡಿಸುವುದು ಉಪಚಾರವಲ್ಲ.

ದೋಸೆಯಾದ ಮೇಲೆ, ಬಿಸಿಲೇರುವ ಮೊದಲು, ಚಾಮುಂಡಿ ಬೆಟ್ಟ. ನಗರ ನಿಲ್ದಾಣದಿಂದ ಬಸ್ಸುಗಳು ನೇರವಾಗಿ ಮೇಲಕ್ಕೆ ಹೋಗುತ್ತವೆ. ಸಾವಿರದಷ್ಟು ಮೆಟ್ಟಿಲುಗಳನ್ನೂ, ಅವುಗಳ ನಡುವೆ ಒಂದೇ ಬಂಡೆಯಲ್ಲಿ ಕಡೆದ ನಂದಿಯನ್ನೂ ಮಾಡಿಸಿದವರು ಹದಿನೇಳನೆಯ ಶತಮಾನದ ದೊಡ್ಡ ದೇವರಾಜ ಒಡೆಯರು. ಹರೆಯದವರು ಕೆಳಗಿನಿಂದ ಹತ್ತಲಿ. ಮಧ್ಯವಯಸ್ಸಿನವರು ಬಸ್ಸಿನಲ್ಲಿ ಮೇಲೇರಿ, ದರ್ಶನ ಮುಗಿಸಿ, ನಂದಿಯವರೆಗಿನ ಮುನ್ನೂರು ಮೆಟ್ಟಿಲುಗಳನ್ನು ಇಳಿದು ಬರಬಹುದು. ಮುದುಕರಿಗೆ ಇಳಿಯುವುದೂ ಬೇಡ; ನಂದಿಯ ಬಳಿಗೆ ವಾಹನದ ದಾರಿಯುಂಟು. ಆಷಾಢ ಶುಕ್ರವಾರಗಳಂದು ದೇವಿಯ ಭಕ್ತರಲ್ಲದೆ ಬರಿಯ ಪ್ರೇಕ್ಷಕರು ಅಲ್ಲಿಗೆ ಹೋಗದಿರುವುದೇ ಉತ್ತಮ.

ಅರಮನೆಯನ್ನು ಎರಡು ಸಲ ನೋಡಬೇಕು: ಒಳಗನ್ನು ಹಗಲಿನಲ್ಲಿ, ಹೊರಗನ್ನು ಇರುಳಿನಲ್ಲಿ. ಹಳೆಯ ಮರದ ಅರಮನೆಯು 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ನರ ವಿನ್ಯಾಸದ ಈಗಿನ ಕಟ್ಟಡವು 1912ರಲ್ಲಿ ಪೂರ್ಣವಾಯಿತು. ಒಳಗೆ ಹೋದವರು ದರ್ಬಾರಿನ ಸಭಾಂಗಣಕ್ಕೇ ಧಾವಿಸದೆ, ಕಲ್ಯಾಣಮಂಟಪದ ಗೋಡೆಗಳ ಮೇಲಿನ ದಸರಾ ಮೆರವಣಿಗೆಯ ಚಿತ್ರಗಳ ಮುಂದೆ ನಿಲ್ಲಲಿ. ಆ ಕಾಲದ ಮೆರವಣಿಗೆ ಹೇಗೆ ಸಾಗುತ್ತಿತ್ತೆಂಬುದನ್ನು ಆ ಚಿತ್ರಗಳ ಉದ್ದಕ್ಕೂ ನಡೆದು ನೋಡಬಹುದು. ಪಾದರಕ್ಷೆಗಳನ್ನು ಹೊರಗೆ ಬಿಡಬೇಕಾದುದರಿಂದ, ಬಿಸಿಲಿನ ದಿನಗಳಲ್ಲಿ ಕಾಲುಚೀಲವಿರುವುದು ಅನುಕೂಲ. ಹೊರಗೆ ಬಂದೊಡನೆ ರೇಷ್ಮೆಯನ್ನೂ ಗಂಧದೆಣ್ಣೆಯನ್ನೂ ಅಗ್ಗವಾಗಿ ಕೊಡಿಸುವೆವೆಂದು ಕರೆಯುವವರು ಎದುರಾಗುತ್ತಾರೆ. ಅವರು ಕರೆದೊಯ್ಯುವ ಅಂಗಡಿಯ ಬೆಲೆಯಲ್ಲಿ ಅವರ ದಲ್ಲಾಳಿಯ ಪಾಲೂ ಸೇರಿರುತ್ತದೆಂಬುದು ನೆನಪಿರಲಿ. ಸೀರೆ ಬೇಕಾದವರು ಸರ್ಕಾರದ ರೇಷ್ಮೆ ಉದ್ಯಮ ನಿಗಮದ ಮಳಿಗೆಗೇ ಹೋಗಲಿ.

ಸಂಜೆಯ ವಿನೋದಕ್ಕೆ ದೀಪಾಲಂಕಾರವೊಂದೇ ಅಲ್ಲ. ಬಿ. ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣದಲ್ಲಿ ವಾರಾಂತ್ಯದಲ್ಲಿ ಕನ್ನಡ ನಾಟಕಗಳು ನಡೆಯುತ್ತಿರುತ್ತವೆ. ಅದು ಹುಣಸೂರು ರಸ್ತೆಯಲ್ಲಿ, ಕಲಾಮಂದಿರದ ಆವರಣದಲ್ಲಿ. ಎರಡೂ ಒಂದೇ ಹೊತ್ತಿಗೆ ಬಿದ್ದರೆ ಯಾವುದೆಂದು ತಂದೆತಾಯಿಗಳನ್ನೇ ಕೇಳಿ. ದೀಪಗಳನ್ನೇ ಆರಿಸುವವರು ಹೆಚ್ಚೆಂದು ನಮ್ಮ ಊಹೆ. ಆದರೆ ಊರಿನಲ್ಲಿ ಬಯಲಾಟ ಕಂಡು ಬೆಳೆದ ತಂದೆಯೊಬ್ಬರು ನಾಟಕವೇ ಬೇಕೆಂದರೆ ಆಶ್ಚರ್ಯಪಡಬೇಕಾಗಿಲ್ಲ.

ಕಾಲ್ನಡಿಗೆಯ ಅಭ್ಯಾಸವಿರುವವರು ಬೆಳಗಿನ ಜಾವದಲ್ಲಿ ದೂರ ಹೋಗಬೇಕಾದುದಿಲ್ಲ. ಹೆಬ್ಬಾಳದ ಕೆರೆಯೇ ಇದೆ. ಕೊಳಚೆಯಿಂದ ಕೆಟ್ಟಿದ್ದ ಅದನ್ನು ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಪುನರುಜ್ಜೀವಿಸಲಾಗಿದೆ. ಮಗನು ದಿನವೂ ಕಾಣುವ ನೀರನ್ನೂ ನಡೆಯುವ ಬೀದಿಯನ್ನೂ ತಾಯಿಯು ನೋಡಲು ಬಯಸುತ್ತಾಳೆ. ಅರಮನೆಯಷ್ಟೇ ಆಸಕ್ತಿಯಿಂದ ಅವಳು ಅವನು ಊಟಮಾಡುವ ಮೆಸ್ಸನ್ನೂ ವಿಚಾರಿಸುತ್ತಾಳೆ, ಸಂಕೋಚಪಡದೆ ತೋರಿಸತಕ್ಕುದು.

ಹಿಂದಿರುಗುವ ದಿನದ ಖರೀದಿಯನ್ನು ಅರಮನೆಗೂ ದೀಪಾಲಂಕಾರಕ್ಕೂ ನಡುವಿನ ಹೊತ್ತಿನಲ್ಲಿ ಸಯ್ಯಾಜಿರಾವ್ ರಸ್ತೆಯಲ್ಲಿ ಮುಗಿಸಬಹುದು. ಮೈಸೂರುಪಾಕಿಗೆ ಗುರು ಸ್ವೀಟ್ ಮಾರ್ಟಿದೆ; ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ ಅದು. ಹತ್ತಿರದಲ್ಲಿಯೇ ದೇವರಾಜ ಮಾರುಕಟ್ಟೆ. 2016ರಲ್ಲಿ ಅದರ ಒಂದು ಭಾಗ ಕುಸಿದಿದ್ದರೂ ಹೂವು, ಕುಂಕುಮ, ಹಣ್ಣುಗಳ ಸಾಲುಗಳಲ್ಲಿ ವ್ಯಾಪಾರ ನಿಂತಿಲ್ಲ. ಮಲ್ಲಿಗೆಯು ಇರುಳ ಪ್ರಯಾಣಕ್ಕೆ ಬಾಳದು. ತಾಯಿಯು ಮುಡಿದುಕೊಂಡೇ ರೈಲು ಹತ್ತಲಿ. ವೀಳೆಯದೆಲೆಯನ್ನು ಒದ್ದೆಯ ಬಟ್ಟೆಯಲ್ಲಿ ಸುತ್ತಿ ಒಯ್ಯಬಹುದು. ನಂಜನಗೂಡಿನ ರಸಬಾಳೆಯು ಸೊರಗುರೋಗದಿಂದಾಗಿ ಈಗ ವಿರಳ. ನಿಜವಾದುದು ಸಿಕ್ಕಿದರೆ ಕಳಿತ ಹಣ್ಣನ್ನು ಬಿಟ್ಟು ದೋರೆಗಾಯಿಯನ್ನೇ ಕೊಳ್ಳಿ. ಊರನ್ನು ಸೇರಿದ ಎರಡು ಮೂರು ದಿನಗಳಲ್ಲಿ ಅದು ತಾನಾಗಿಯೇ ಹಣ್ಣಾಗುತ್ತದೆ.