ಗಲ್ಫ್‌ನಲ್ಲಿರುವ ಯಜಮಾನರು ವೀಲುನಾಮೆ ಬರೆದಿದ್ದಾರೆಯೇ?

(ಸ್ವಸಹಾಯ ಗುಂಪುಗಳ ಸಭೆಯಲ್ಲಿ ನೀಡಿದ ಮಾಹಿತಿ)



ಗಂಡನೋ ಮಗನೋ ದುಬೈ, ಕುವೈತ್, ಮಸ್ಕತ್‌ನಲ್ಲಿ ದುಡಿಯುವ ಮನೆಯವರು ನಮ್ಮ ಗುಂಪುಗಳಲ್ಲಿ ತುಂಬಾ ಮಂದಿ ಇದ್ದೀರಿ. ಉಳಿತಾಯ, ಸಾಲ, ಬಡ್ಡಿ ಎಲ್ಲ ನಿಮಗೆ ಬಾಯಿಪಾಠ. ಆದರೆ ವೀಲುನಾಮೆ ಅಂದ ಕೂಡಲೇ "ಅಯ್ಯೋ, ಅಪಶಕುನ, ಅದೆಲ್ಲ ಈಗ ಯಾಕೆ?" ಅನ್ನುತ್ತೀರಿ. ಬರೆದಿಟ್ಟ ಮಾತ್ರಕ್ಕೆ ಯಾರೂ ಸಾಯುವುದಿಲ್ಲ. ಬರೆಯದೆ ಹೋದರೆ ಅಲೆದಾಡಬೇಕಾದದ್ದು ಊರಲ್ಲಿ ಉಳಿದ ಹೆಂಗಸು.

"ನನ್ನ ಹತ್ತಿರ ಪವರ್ ಆಫ್ ಅಟಾರ್ನಿ ಉಂಟಲ್ಲ" ಎಂದು ಕೆಲವರು ಧೈರ್ಯದಲ್ಲಿದ್ದೀರಿ. ಗಂಡನ ಪರವಾಗಿ ಕಚೇರಿ ಕೆಲಸ ಮಾಡಿಸಲು ಅದು ಬೇಕು, ನಿಜ. ಆದರೆ ಕೊಟ್ಟವರು ತೀರಿಕೊಂಡ ಕ್ಷಣಕ್ಕೆ ಅದರ ಅಧಿಕಾರವೂ ಮುಗಿಯಿತು. ಮರುದಿನ ಅದನ್ನು ಹಿಡಿದುಕೊಂಡು ಹೋದರೆ ನಡೆಯುವುದಿಲ್ಲ. ವೀಲುನಾಮೆಗೆ ಬಲ ಬರುವುದೇ ಬರೆದವರು ಹೋದ ಮೇಲೆ. ಬ್ಯಾಂಕಿನ ನಾಮಿನಿ ಕೂಡ ಹಣ ಪಡೆದುಕೊಳ್ಳುವವರು ಅಷ್ಟೇ. ಆ ಹಣ ಸೇರಬೇಕಾದದ್ದು ವಾರಸುದಾರರಿಗೆ.

ವೀಲುನಾಮೆ ಇಲ್ಲದಿದ್ದರೆ ಊರಿನ ಆಸ್ತಿಯನ್ನು ಕಾನೂನು ಪಾಲು ಮಾಡುತ್ತದೆ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಪ್ರಕಾರ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಗಂಡು-ಹೆಣ್ಣು ಭೇದವಿಲ್ಲದೆ ಮಕ್ಕಳಿಗೆ. ಮಕ್ಕಳಿಲ್ಲದಿದ್ದರೆ ಹೆಂಡತಿಗೆ ಅರ್ಧ. ಇನ್ನರ್ಧ ಮಾವನಿಗೆ, ಮಾವ ಇಲ್ಲದಿದ್ದರೆ ಅತ್ತೆ ಮತ್ತು ಗಂಡನ ಒಡಹುಟ್ಟಿದವರಿಗೆ. ಇಬ್ಬರೂ ಸೇರಿ ಸಾಲ ತೀರಿಸಿ ಕಟ್ಟಿದ ಮನೆಯಾದರೂ, ದಾಖಲೆ ಗಂಡನ ಹೆಸರಲ್ಲಿದ್ದರೆ ಇದೇ ಲೆಕ್ಕ. ಹಿಂದೂಗಳಲ್ಲಿ 1956ರ ಕಾಯಿದೆಯಂತೆ ಹೆಂಡತಿ, ಮಕ್ಕಳು, ಗಂಡನ ತಾಯಿ ಇವರಿಗೆ ಸಮಪಾಲು. ಮುಸ್ಲಿಮರಿಗೆ ಅವರದೇ ನಿಯಮಗಳಿವೆ, ತಿಳಿದವರನ್ನು ಕೇಳಬೇಕು. ಇನ್ನೊಂದು ತೊಡಕು: ಮಕ್ಕಳು ಹದಿನೆಂಟರ ಒಳಗಿನವರಾದರೆ ಅವರ ಪಾಲನ್ನು ಮಾರಲು, ಅಡವಿಡಲು ಕೋರ್ಟಿನ ಅನುಮತಿ ಬೇಕಾಗುತ್ತದೆ. ಫೀಸು ಕಟ್ಟಬೇಕಾದ ಹೊತ್ತಿಗೆ ಇದು ದೊಡ್ಡ ಕಷ್ಟ.

ಬರೆಯುವುದು ಕಷ್ಟವಲ್ಲ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಜಾಗದ ಸರ್ವೆ ನಂಬರು, ಮನೆ ನಂಬರು, ಬ್ಯಾಂಕು ಖಾತೆ, ಚಿನ್ನ, ಯಾರಿಗೆ ಏನು, ಜಾರಿ ಮಾಡುವವರು ಯಾರು, ಎಲ್ಲ ಸ್ಪಷ್ಟವಾಗಿರಲಿ. ಪಾಲಾಗದ ಕುಟುಂಬದ ಜಾಗವಾದರೆ ತನ್ನ ಹಕ್ಕಿನಷ್ಟು ಮಾತ್ರ ಬರೆಯಬಹುದು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಬೇಕು, ಅವರೂ ಸಹಿ ಹಾಕಬೇಕು. ಆಸ್ತಿ ಸಿಗುವವರನ್ನು ಸಾಕ್ಷಿ ಮಾಡಬೇಡಿ. ಕ್ರೈಸ್ತರಲ್ಲಿ ಸಾಕ್ಷಿಗೆ ಅಥವಾ ಸಾಕ್ಷಿಯ ಗಂಡ-ಹೆಂಡತಿಗೆ ಬರೆದ ಪಾಲು ಸಿಗುವುದೇ ಇಲ್ಲ. ನೋಂದಣಿ ಕಡ್ಡಾಯವಲ್ಲ. ಆದರೂ ರಜೆಯಲ್ಲಿ ಬಂದಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದರೆ, ಮುಂದೆ "ಇದು ಸುಳ್ಳು ಸಹಿ" ಎನ್ನುವವರ ಬಾಯಿಗೆ ಬೀಗ.

ಮಗ ಮದುವೆಗೆ ಮೊದಲು ತಾಯಿಯ ಹೆಸರಿಗೆ ಬರೆದಿದ್ದರೆ ಗಮನಿಸಿ. ಕ್ರೈಸ್ತರಲ್ಲಿ ಮದುವೆಯಾದ ಕೂಡಲೇ ಹಳೆಯ ವೀಲುನಾಮೆ ರದ್ದಾಗುತ್ತದೆ, ಹೊಸದು ಬರೆಯಬೇಕು. ಅತ್ತೆ-ಸೊಸೆ ಕೂತು ಮಾತಾಡಿಕೊಂಡರೆ ಒಳ್ಳೆಯದು!

ಅಲ್ಲಿನ ಹಣದ ವಿಷಯ ಬೇರೆ. ದುಬೈ, ಅಬುಧಾಬಿ ಸೇರಿದ ಯುಎಇಯಲ್ಲಿ ಖಾತೆದಾರ ತೀರಿಕೊಂಡದ್ದು ತಿಳಿದರೆ ಬ್ಯಾಂಕು ಖಾತೆಯನ್ನು ತಡೆಹಿಡಿಯುತ್ತದೆ. ಕೋರ್ಟಿನ ಆದೇಶ ಬರಬೇಕು. ಮುಸ್ಲಿಮೇತರರಿಗೆ 2023ರ ಫೆಬ್ರವರಿಯಿಂದ ಅಲ್ಲಿ ಹೊಸ ಕಾನೂನು ಇದೆ: ವೀಲುನಾಮೆ ಇಲ್ಲದಿದ್ದರೆ ಅರ್ಧ ಹೆಂಡತಿಗೆ, ಅರ್ಧ ಮಕ್ಕಳಿಗೆ ಸಮನಾಗಿ. ಅಲ್ಲಿ ಆಸ್ತಿ ಇರುವವರು ಅಲ್ಲಿಯೇ ಬೇರೆ ವೀಲುನಾಮೆ ನೋಂದಾಯಿಸುವುದು ಮೇಲು. ಇಲ್ಲದವರು ಖರ್ಚಿಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಊರಿಗೆ ಕಳುಹಿಸಲಿ.

ಮುಂದಿನ ಸಲ ಫೋನು ಬಂದಾಗ ಮೂರು ವಿಷಯ ಕೇಳಿ ಬರೆದಿಟ್ಟುಕೊಳ್ಳಿ: ಖಾತೆ ಯಾವ ಬ್ಯಾಂಕಿನಲ್ಲಿ, ವಿಮೆ ಉಂಟೋ, ಯಾರಿಗೆ ಸಾಲ ಕೊಡಲಿಕ್ಕಿದೆ. ವೀಲುನಾಮೆಯ ಮಾತು ರಜೆಯಲ್ಲಿ ಬಂದಾಗ, ಮೊದಲ ವಾರದಲ್ಲೇ ತೆಗೆಯಿರಿ. ಕೊನೆಯ ವಾರ ಪೆಟ್ಟಿಗೆ ಕಟ್ಟುವುದರಲ್ಲೇ ಮುಗಿಯುತ್ತದೆ.