ಫಾರಿನ್ ಗಿಟಾರ್, ಹಚ್ಚೊಳ್ಳಿಯ ಹಾರ್ಮೋನಿಯಂ

ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಿಂದ ಹುಡುಗನೊಬ್ಬ ಫೋನ್ ಮಾಡಿದ್ದ. "ಸಾರ್, ಭತ್ತ ಮಾರಿದ ರೊಕ್ಕದಾಗ ಒಂದು ಫಾರಿನ್ ಗಿಟಾರ್ ತಗೋಬೇಕಂತ ಮಾಡೀನ್ರಿ. ಸೌಂಡ್ ಭಾರಿ ಐತಿ. ಆದ್ರ ಅದಕ್ಕ ಕಾಡು ಕಡೀತಾರಂತಲ್ರಿ, ಖರೇನಾ?"

ಪ್ರಶ್ನೆ ಸಣ್ಣದಲ್ಲ. ಗಿಟಾರಿನ ಹಿಂಬದಿ, ಪಕ್ಕ, ಬೆರಳಾಡಿಸುವ ಪಟ್ಟಿ, ಇವಕ್ಕೆಲ್ಲ ಹೆಸರಾದ ಮರ ರೋಸ್‌ವುಡ್. ಅದರಲ್ಲಿ ಒಂದು ಜಾತಿ ನಮ್ಮ ಪಶ್ಚಿಮ ಘಟ್ಟದ ಬೀಟೆ. ಅಂದ್ರೆ ನಮ್ಮ ಕಾಡಿನ ಮರವೇ ಸಮುದ್ರ ದಾಟಿ, ಬ್ರ್ಯಾಂಡ್ ಹಚ್ಚಿಕೊಂಡು, ಫಾರಿನ್ ರೇಟಿಗೆ ನಮ್ಮ ಮನೆಗೇ ವಾಪಸ್ ಬರಬಹುದು!

ದೊಡ್ಡ ಹೆಸರು ಇದ್ದರೆ ಸಾಕು ಅಂತೀರಾ? ಅಮೆರಿಕದ ಗಿಬ್ಸನ್ ಕಂಪನಿ ಮೇಲೆ 2009 ಮತ್ತು 2011ರಲ್ಲಿ ಅಲ್ಲಿನ ಸರ್ಕಾರವೇ ದಾಳಿ ಮಾಡಿತು. ಮಡಗಾಸ್ಕರ್‌ನ ಎಬೊನಿ ಮರದ ಆಮದು ವಿಚಾರದಲ್ಲಿ 2012ರಲ್ಲಿ ಕಂಪನಿ 3 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು.

ಕಾನೂನು ನೋಡಿಕೊಳ್ಳುತ್ತೆ ಅನ್ನೋ ಹಾಗೂ ಇಲ್ಲ. ಬೀಟೆಯ ಇಡೀ ಕುಲವನ್ನು 2017ರಲ್ಲಿ ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ತಂದರು. 2019ರಲ್ಲಿ, ಬ್ರೆಜಿಲ್‌ನ ಒಂದು ಜಾತಿ ಬಿಟ್ಟು, ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಹಾಗಾಗಿ ಮರ ಎಲ್ಲಿಯದು ಅಂತ ಅಂಗಡಿಯಲ್ಲಿ ಕೇಳಬೇಕಾದವರು ನಾವೇ.

ಇನ್ನು ಕ್ವಾಲಿಟಿ. ನಾನು ಓದಿದ್ದು ಎಂಜಿನಿಯರಿಂಗ್, ಆ ಲೆಕ್ಕದಲ್ಲೇ ಹೇಳ್ತೀನಿ. ಮರ ಗಾಳಿಯ ತೇವ ಹೀರುತ್ತೆ, ಬಿಡುತ್ತೆ. ಶೋರೂಮಿನ ಎಸಿಯಲ್ಲಿ ಜೇನಿನ ಹಾಗೆ ನುಡಿದ ಗಿಟಾರು, 40 ಡಿಗ್ರಿ ದಾಟುವ ಬಳ್ಳಾರಿ ಬಿಸಿಲಿಗೆ ಒಣಗಿ ಸೀಳಬಹುದು. ಸೀಳಿದ್ದನ್ನು ಕೂಡಿಸುವವರು ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ರೊಕ್ಕವೂ ಹೋಯ್ತು, ಮರವೂ ಹೋಯ್ತು.

ಹಾಗಂತ ಫಾರಿನ್ ಬೇಡವೇ ಬೇಡ ಅಂತ ನಾನು ಹೇಳಲ್ಲ. ಮಾತಾಡ್ತಾ ಆ ಹುಡುಗನೇ ಹೇಳಿದ, ಅವರ ತಾತ ಬಯಲಾಟದ ಮಾಸ್ತರಂತೆ, ಅವರ ಹಾರ್ಮೋನಿಯಂ ಅಟ್ಟದ ಮೇಲಿದೆಯಂತೆ. ಹಾರ್ಮೋನಿಯಂ ಎಲ್ಲಿಂದ ಬಂತು ಹೇಳಿ? ಯುರೋಪಿನಿಂದ! ಪರದೇಶಿ ವಾದ್ಯ ಅಂತ 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ಆದರೂ ಅದು ನಮ್ಮದಾಯಿತು. ಯಾಕೆ? ಹಿತ್ತಾಳೆ ರೀಡ್ ಕೆರೆದು ಶ್ರುತಿ ಮಾಡಬಹುದು, ತಿದಿ ಹರಿದರೆ ಅಂಟಿಸಬಹುದು. ರಿಪೇರಿ ಆಗುವ ವಾದ್ಯ ತಾತನಿಂದ ಮೊಮ್ಮಗನಿಗೆ ಬರುತ್ತೆ, ಅದಕ್ಕಾಗಿ ಇನ್ನೊಂದು ಮರ ಬೀಳೋದಿಲ್ಲ.

ಅದಕ್ಕೇ ತಮ್ಮಾ, ಅಂಗಡಿಯಲ್ಲಿ ಮೂರೇ ಪ್ರಶ್ನೆ ಕೇಳು. ಮರ ಯಾವುದು, ಎಲ್ಲಿಯದು? ಕೆಟ್ಟರೆ ಯಾರು ರಿಪೇರಿ ಮಾಡ್ತಾರೆ? ಯಾರೋ ಜೋಪಾನವಾಗಿ ಬಳಸಿದ ಹಳೆಯದು ಸಿಗುತ್ತಾ? ಉತ್ತರ ಸರಿ ಇದ್ದರೆ ಫಾರಿನ್ ಗಿಟಾರನ್ನೇ ತಗೋ, ಬಿಸಿಲಿಗೆ ಇಡಬೇಡ.

ಹೋಗೋ ಮುಂಚೆ ಒಂದು ಕೆಲಸ ಮಾಡು. ಅಟ್ಟ ಹತ್ತಿ, ತಾತನ ಪೆಟ್ಟಿಗೆಯ ಧೂಳು ಒರೆಸಿ, ಒಮ್ಮೆ ತಿದಿ ಒತ್ತಿ ನೋಡು.