ಕೊಟ್ಟಿಗೆಹಾರದ ಕುಣಿಯುವ ಕಪ್ಪೆ



ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳ ಜನರಿಗೆ ಕಪ್ಪೆಯ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ಬೇಸಗೆಯಲ್ಲಿ ಕೆರೆಯಂಗಳ ಒಣಗಿ ಬಿರಿದಾಗ ಕೆಲವು ಜಾತಿಯ ಕಪ್ಪೆಗಳು ನೆಲದೊಳಗೆ ಹುದುಗಿಕೊಳ್ಳುತ್ತವೆ. ಮಳೆ ಬಿದ್ದ ರಾತ್ರಿಯೇ ಮೇಲೆದ್ದು ವಟಗುಟ್ಟತೊಡಗುತ್ತವೆ. ಒಂದು ಕೆರೆ ಬತ್ತಿದರೂ ಅವುಗಳ ಕುಲ ಅಳಿಯದು. ಮತ್ತೊಂದು ಊರಿನಲ್ಲಿ ಮತ್ತೊಂದು ಕೆರೆಯುಂಟು.

ಎಲ್ಲ ಕಪ್ಪೆಗಳಿಗೂ ಈ ಭಾಗ್ಯವಿಲ್ಲ. ನಂದಿಯ ಬೆಟ್ಟಸಾಲನ್ನು ಹಿಂದೆ ಬಿಟ್ಟು ಪಶ್ಚಿಮಕ್ಕೆ ನಡೆದರೆ, ಮೂಡಿಗೆರೆಯಾಚೆ ಚಾರ್ಮಾಡಿ ಘಟ್ಟದ ನೆತ್ತಿಯಲ್ಲಿ ಕೊಟ್ಟಿಗೆಹಾರವೆಂಬ ಊರು ಸಿಕ್ಕುತ್ತದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು 1937ರಲ್ಲಿ ಅಲ್ಲಿಯ ಒಂದು ಪುಟ್ಟ ಕಪ್ಪೆಯನ್ನು ವರ್ಣಿಸಿ, ಅದಕ್ಕೆ ಆ ಊರಿನ ಹೆಸರನ್ನೇ ಇಟ್ಟರು. ಪಶ್ಚಿಮಘಟ್ಟದ ಈ ಭಾಗದ ತೊರೆಗಳನ್ನು ಬಿಟ್ಟರೆ ಅದು ಲೋಕದ ಬೇರೆಲ್ಲಿಯೂ ಇಲ್ಲ.

ಅದರ ಉದ್ದ ಸುಮಾರು ಒಂದು ಅಂಗುಲ. ಕಾಡಿನ ನೆರಳಿನಲ್ಲಿ, ತೊರೆಯ ನಡುವಣ ಒದ್ದೆಬಂಡೆಯ ಮೇಲೆ ಗಂಡುಕಪ್ಪೆ ಕುಳಿತಿರುತ್ತದೆ. ನೀರಿನ ಭೋರ್ಗರೆತದಲ್ಲಿ ಕೂಗು ಮಾತ್ರ ಸಾಲದು. ಆದುದರಿಂದ ಅದು ಹಿಂಗಾಲನ್ನು ನೀಳವಾಗಿ ಚಾಚಿ, ಬೆರಳುಗಳ ನಡುವಣ ಬಿಳಿಚಾದ ತೊಗಲನ್ನು ಬಾವುಟದಂತೆ ಬಿಚ್ಚಿ ತೋರಿಸುತ್ತದೆ. ಎದುರಾಳಿ ಗಂಡಿಗೆ ಇದು ಎಚ್ಚರಿಕೆ. ನೋಡುವ ನಮಗೆ ನೃತ್ಯ.

ನಾರಾಯಣರಾಯರು ಕಾಲೇಜಿನಲ್ಲಿ ಜೋಪಾನವಾಗಿ ಇರಿಸಿದ್ದ ಮೂಲ ಮಾದರಿಗಳು ಮುಂದೆ ಕಳೆದುಹೋದವು. ಆದರೆ ಕಪ್ಪೆ ತೊರೆಯಲ್ಲಿ ಬದುಕಿತ್ತು. ಆದಕಾರಣ 2014ರಲ್ಲಿ ಎಸ್. ಡಿ. ಬಿಜು ಮತ್ತು ಸಂಗಡಿಗರು ಅದನ್ನು ಮತ್ತೆ ಪರೀಕ್ಷಿಸಿ ವಿವರಿಸಿದರು; ಅದೇ ಕುಲದ 14 ಹೊಸ ಜಾತಿಗಳನ್ನೂ ಪ್ರಕಟಿಸಿದರು. ಇದಕ್ಕೆ ಮುಂಚೆ, 2010ರಲ್ಲಿ, ಪೊದೆಗಪ್ಪೆಗಳ ಒಂದು ಕುಲಕ್ಕೆ ರಾಯರ ಹೆಸರೇ ಸೇರಿ 'ರಾವೋರ್ಕೆಸ್ಟಿಸ್' ಎಂದಾಯಿತು.

ಗಾಜಿನ ಜಾಡಿ ಕಳೆದರೆ ತೊರೆಯ ಬಳಿಗೆ ಹೋಗಿ ಕೇಳಬಹುದು. ತೊರೆಯೇ ಕಳೆದರೆ ಯಾರನ್ನು ಕೇಳುವುದು? ಕಾಡಿನ ನೆರಳು ಹೋಗಿ, ನೀರು ಬೇರೆಡೆಗೆ ತಿರುಗಿದರೆ, ಈ ಕಪ್ಪೆಗೆ ವಲಸೆ ಹೋಗಲು ಇನ್ನೊಂದು ನಾಡಿಲ್ಲ. ಒಣನೆಲದಲ್ಲಿ ಹುದುಗಿ ಮಳೆಗಾಗಿ ಕಾಯುವ ವಿದ್ಯೆಯೂ ಅದಕ್ಕೆ ಬಾರದು.

ಮುಂದಿನ ಮಳೆಗಾಲದಲ್ಲಿ ನಿಮ್ಮೂರಿನ ಕೆರೆಯ ಕಪ್ಪೆ ಕೂಗಿದಾಗ, ಒಂದೇ ಬೆಟ್ಟಸೀಮೆಯನ್ನು ನಂಬಿ ಬಾಳುವ ಈ ಕಿರಿಯ ಬಂಧುವನ್ನೂ ಒಮ್ಮೆ ನೆನೆಯಿರಿ.